ಟೈಲರ್ ಗಿರಿಜಾ ಅವರ ಅಳತೆ ಪುಸ್ತಕ: ಋತುಬಂಧ, ತೂಕ ಮತ್ತು ಡಯಟ್ ಕುರಿತ ಒಂದು ಪ್ರಕರಣ

ಗಿರಿಜಾ ಎಂಬುದು ಅವರ ನಿಜವಾದ ಹೆಸರಲ್ಲ. ಊರು, ಮನೆಯವರ ವಿವರ, ತಿಂಗಳುಗಳನ್ನೂ ಅಷ್ಟಿಷ್ಟು ಬದಲಿಸಿದ್ದೇನೆ. ಕಸುಬನ್ನು ಮಾತ್ರ ಬದಲಿಸಲಿಲ್ಲ, ಅದನ್ನು ತೆಗೆದರೆ ಈ ಪ್ರಕರಣದಲ್ಲಿ ಹೇಳುವುದಕ್ಕೆ ಅರ್ಧವೂ ಉಳಿಯುವುದಿಲ್ಲ. ಅವರು ಟೈಲರ್. ಬರೆದದ್ದನ್ನು ಅವರಿಗೆ ಓದಿ ಹೇಳಿ, ಎರಡು ಕಡೆ ಬೇಡವೆಂದದ್ದನ್ನು ಹೊಡೆದುಹಾಕಿ, ಒಪ್ಪಿಗೆ ಪಡೆದೇ ಹಂಚಿಕೊಳ್ಳುತ್ತಿದ್ದೇನೆ. ನಾನು ಮಧ್ಯ ಕರ್ನಾಟಕದ ಒಂದು ಪಟ್ಟಣದಲ್ಲಿ ಆಹಾರ ತಜ್ಞೆ. ಈ ಪ್ರಕರಣದಲ್ಲಿ ಎಡವಿದವರ ಪಟ್ಟಿ ಮಾಡಿದರೆ ನನ್ನ ಹೆಸರೂ ಅದರಲ್ಲಿದೆ. ಬರೆಯಲು ಕೂತದ್ದೇ ಆ ಕಾರಣಕ್ಕೆ.

ಹಿನ್ನೆಲೆ

ಜೂನ್ ತಿಂಗಳಲ್ಲಿ ಮೊದಲ ಸಲ ಬಂದಾಗ ಗಿರಿಜಾ ಅವರಿಗೆ 48 ವರ್ಷ. ಎತ್ತರ 154 ಸೆಂ.ಮೀ., ತೂಕ 68 ಕೆಜಿ, ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂದು ನೋಡುವ ಅಂಕಿ) 28.7. ನಮ್ಮ ದೇಶದವರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂಬ ಲೆಕ್ಕ ಇರುವುದರಿಂದ, ಕಾಗದದ ಮೇಲೆ ಅವರು ಬೊಜ್ಜಿನ ಸಾಲಿಗೆ ಸೇರಿದವರು. 20 ವರ್ಷಕ್ಕೂ ಮಿಕ್ಕಿ ಬ್ಲೌಸ್, ಚೂಡಿದಾರ್ ಹೊಲಿದವರು. ಬಸ್‌ಸ್ಟ್ಯಾಂಡ್ ಹಿಂದಿನ ರಸ್ತೆಯಲ್ಲಿ ಒಂದು ಮಳಿಗೆ, ಎರಡು ಮಿಷಿನ್, ಹುಕ್ಸು ಹಾಕಿ ಪಿಕೋ ಮಾಡಲು ಒಬ್ಬ ಹುಡುಗಿ. ಗಂಡ ಸರ್ಕಾರಿ ನೌಕರಿಯಲ್ಲಿದ್ದಾರೆ. ಒಬ್ಬಳೇ ಮಗಳು, ಅವಳಿಗೆ ಮದುವೆ ಗೊತ್ತಾಗಿತ್ತು. ಮುಹೂರ್ತ ಫೆಬ್ರವರಿಯಲ್ಲಿ.

40ನೇ ವಯಸ್ಸಿನಲ್ಲಿ ಅವರ ತೂಕ 58 ಕೆಜಿ ಇತ್ತು, 45ಕ್ಕೆ 63 ಆಗಿತ್ತು. ಅಲ್ಲಿಯ ತನಕ ಯಾರೂ ಏನೂ ಅಂದಿರಲಿಲ್ಲ. ಆಮೇಲಿನ ಎರಡು ಮೂರು ವರ್ಷದಲ್ಲಿ ಹೊಟ್ಟೆಯ ಸುತ್ತ ಏರಿದ್ದು ಎಲ್ಲರ ಕಣ್ಣಿಗೂ ಬಿತ್ತು. ಟೈಲರ್ ಅಂಗಡಿಯಲ್ಲಿ ಈ ಮಾತಿಗೆ ಬರವಿಲ್ಲ. ಅಳತೆ ಕೊಡಲು ಬಂದವರು ತಮ್ಮ ದಪ್ಪದ ಬಗ್ಗೆ ಗೊಣಗಿ, ಹಾಗೇ ಟೇಪು ಹಿಡಿದವಳ ಕಡೆ ನೋಡಿ, "ಗಿರಿಜಕ್ಕ, ನೀವೂ ಹಿಂಗಾಗ್ಬಿಟ್ರಲ್ಲ" ಅನ್ನುತ್ತಿದ್ದರು. ಮದುವೆ ನಿಶ್ಚಯವಾದ ಮೇಲೆ ನಾದಿನಿ ಇನ್ನೂ ನೇರವಾಗಿ ಹೇಳಿದರಂತೆ: "ಅತ್ತಿಗೆ, ಬೀಗರ ಕಡೆ ಎಲ್ಲ ಸಣ್ಣಗಿದಾರೆ. ಫೋಟೋದಲ್ಲಿ ಪಕ್ಕ ನಿಂತ್ರೆ ಹೆಂಗ್ ಕಾಣುತ್ತೆ ನೋಡ್ಕೊಳಿ." ಮೊಣಕಾಲು ನೋವೆಂದು ತೋರಿಸಲು ಹೋದ ಕಡೆ ವೈದ್ಯರು ಕಾಲು ಮುಟ್ಟಿಯೂ ನೋಡದೆ "ಮೊದಲು ತೂಕ ಇಳಿಸ್ಕೊಂಡು ಬನ್ನಿ" ಎಂದು ಕಳಿಸಿದ್ದರು. ಗಂಡನದು ಸಲೀಸಾದ ಪರಿಹಾರ: "ಒಂದ್ ಹೊತ್ತು ಊಟ ಬಿಡೇ, ತಾನಾಗೇ ಇಳಿಯುತ್ತೆ."

ನನ್ನ ಹತ್ತಿರ ಬರುವ ಮುಂಚೆ

ಬಿಟ್ಟರು. ಮೊದಲು ರಾತ್ರಿ ಊಟ ಬಿಟ್ಟು ಎರಡು ಬಾಳೆಹಣ್ಣು ತಿಂದು ಮಲಗಿದರು. ನಂತರ ಮೊಬೈಲಿನಲ್ಲಿ ಬಂದ ಏಳು ದಿನದ ಡಯಟ್: ಒಂದು ದಿನ ಬರೀ ಹಣ್ಣು, ಒಂದು ದಿನ ಬರೀ ತರಕಾರಿ. ಅದು ಮುಗಿದ ಎಂಟನೇ ದಿನ ಯಾರದೋ ಗೃಹಪ್ರವೇಶ, ಹೋಳಿಗೆ ಊಟ. ಜೀರಿಗೆ ನೀರು, ಬಿಸಿನೀರಿಗೆ ಜೇನು, ನಿಂಬೆ ಎಲ್ಲ ಆದವು. ಕೊನೆಗೆ ಶಾಲೆಯ ಗೆಳತಿಯೊಬ್ಬರ ಮಾತಿಗೆ ಒಪ್ಪಿ ಡಬ್ಬಿಯ ಪುಡಿ ತೆಗೆದುಕೊಂಡರು. ಬೆಳಿಗ್ಗೆ ಒಂದು ಲೋಟ, ರಾತ್ರಿ ಒಂದು ಲೋಟ, ಮಧ್ಯಾಹ್ನ ಮಾತ್ರ ಅನ್ನ. "40 ದಾಟಿದ ಮೇಲೆ ಮೆಟಬಾಲಿಸಂ ಸತ್ತೇ ಹೋಗುತ್ತೆ, ಇದು ಎಬ್ಬಿಸುತ್ತೆ" ಅಂದಿದ್ದರಂತೆ ಗೆಳತಿ.

ಈ ಮಾತು ಅಷ್ಟು ಚಲಾವಣೆಯಲ್ಲಿರುವುದರಿಂದ ಒಂದು ನಿಮಿಷ ನಿಲ್ಲುತ್ತೇನೆ. 2021ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು 29 ದೇಶಗಳ 6,400ಕ್ಕೂ ಹೆಚ್ಚು ಜನರ ಶಕ್ತಿವ್ಯಯವನ್ನು, ಅಂದರೆ ಮೈ ದಿನಕ್ಕೆ ಎಷ್ಟು ಶಕ್ತಿ ಸುಡುತ್ತದೆ ಎಂಬುದನ್ನು, ಲೆಕ್ಕ ಹಾಕಿತ್ತು. ಮೈಯ ಗಾತ್ರ, ಸ್ನಾಯುವಿನ ಪ್ರಮಾಣ ಕಳೆದು ನೋಡಿದರೆ 20ರಿಂದ 60ರ ವಯಸ್ಸಿನ ತನಕ ಅದು ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿತ್ತು. ಸತ್ತದ್ದೇನೂ ಇಲ್ಲ, ಎಬ್ಬಿಸಬೇಕಾದದ್ದೂ ಇಲ್ಲ. ಋತುಬಂಧದ ಆಸುಪಾಸಿನಲ್ಲಿ ನಡೆಯುವುದು ಬೇರೆ. ಅಂಡಾಶಯ ಈಸ್ಟ್ರೋಜನ್ ತಯಾರಿಸುವುದು ಕಡಿಮೆಯಾದಂತೆ ಮೊದಲು ತೊಡೆ, ಪೃಷ್ಠದ ಕಡೆ ಕೂರುತ್ತಿದ್ದ ಕೊಬ್ಬು ಹೊಟ್ಟೆಯ ಕಡೆ ಬಂದು ಕೂರುತ್ತದೆ, ಸ್ನಾಯು ಕರಗುವ ವೇಗ ಹೆಚ್ಚುತ್ತದೆ. ಅಮೆರಿಕದಲ್ಲಿ 1996ರಿಂದ ಸಾವಿರಾರು ಮಹಿಳೆಯರನ್ನು ಹಿಂಬಾಲಿಸುತ್ತ ಬಂದಿರುವ ಸ್ವಾನ್ ಅಧ್ಯಯನದಲ್ಲಿ, ನಡುವಯಸ್ಸಿನಲ್ಲಿ ತೂಕ ವರ್ಷಕ್ಕೆ ಸರಾಸರಿ ಮುಕ್ಕಾಲು ಕಿಲೋದಷ್ಟು ಏರಿದ್ದು ಕಂಡಿದೆ. ಆ ಏರಿಕೆ ಬಹುಮಟ್ಟಿಗೆ ವಯಸ್ಸಿನದು. ಕೊಬ್ಬು-ಸ್ನಾಯುವಿನ ಈ ಅದಲುಬದಲು ಮಾತ್ರ ಮುಟ್ಟು ನಿಲ್ಲುವ ಮುಂಚಿನ ಮತ್ತು ನಂತರದ ಒಂದೆರಡು ವರ್ಷದ್ದು. ತೂಕದ ಮಿಷಿನ್ ಮೇಲೆ ನಿಂತರೆ ಇದು ಸರಿಯಾಗಿ ಕಾಣುವುದೇ ಇಲ್ಲ.

ಪುಡಿಯಿಂದ ಮೂರು ತಿಂಗಳಲ್ಲಿ 66 ಇದ್ದದ್ದು 60.5ಕ್ಕೆ ಬಂತು. ಅಂಗಡಿಗೆ ಬಂದವರೆಲ್ಲ ಹೊಗಳಿದರು. ಮೂರನೇ ತಿಂಗಳಿಗೆ ತಲೆಗೂದಲು ಬಾಚಣಿಗೆಯಲ್ಲಿ ಉಂಡೆ ಉಂಡೆ ಬರತೊಡಗಿತು. ಊಟ ಥಟ್ಟನೆ ಇಳಿಸಿದ ಎರಡು ಮೂರು ತಿಂಗಳಿಗೆ ಹೀಗಾಗುವುದು ನಮಗೆ ಹೊಸತಲ್ಲ. ಒಂದು ಸಂಜೆ ಮಿಷಿನ್ ಮುಂದೆ ಕಣ್ಣು ಕತ್ತಲೆ ಬಂದು ಸೂಜಿ ಎಡಗೈ ತೋರುಬೆರಳಿನ ಉಗುರಿನ ಮೂಲಕ ಹಾದುಹೋಯಿತು. ಆ ಕಸುಬಿನಲ್ಲಿ 20 ವರ್ಷ ಕಳೆದವರಿಗೆ ಅದು ನೋವಿಗಿಂತ ಹೆಚ್ಚು ಅವಮಾನ. ಪುಡಿ ನಿಂತಿತು, ಎಂಟು ತಿಂಗಳಲ್ಲಿ ತೂಕ 68 ಆಯಿತು. ಮೊದಲಿಗಿಂತ ಎರಡು ಕಿಲೋ ಹೆಚ್ಚು.

ಇಷ್ಟಾದ ಮೇಲೆ ನನ್ನ ಹತ್ತಿರ ಬಂದದ್ದು. ಕೇಳಿದ್ದು ಒಂದೇ: "ಫೆಬ್ರವರಿ ಒಳಗೆ ಹತ್ತು ಕೆಜಿ ಇಳಿಬೇಕು ಮೇಡಂ."

ನಾನು ಕೊಟ್ಟ ಚಾರ್ಟ್

ನಾನು ಅವರಿಗೆ 1,200 ಕ್ಯಾಲರಿಯ ಒಂದು ಚಾರ್ಟ್ ಬರೆದುಕೊಟ್ಟೆ. ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಅರ್ಧ ಮುದ್ದೆ ಮತ್ತು ಒಂದು ಬಟ್ಟಲು ಸಾರು, ರಾತ್ರಿ ಒಂದು ಜೋಳದ ರೊಟ್ಟಿ, ಮಜ್ಜಿಗೆ, ಪಲ್ಯ. ದಿನಾ 40 ನಿಮಿಷ ವಾಕಿಂಗ್, ವಾರಕ್ಕೊಮ್ಮೆ ಬಂದು ತೂಕ ನೋಡಿಸಬೇಕು. ಪುಸ್ತಕದ ಪ್ರಕಾರ ಅದರಲ್ಲಿ ದೊಡ್ಡ ತಪ್ಪು ಹುಡುಕುವುದು ಕಷ್ಟ. ಪುಡಿಯ ಬದಲು ಮನೆ ಊಟ ಬರೆದಿದ್ದೆ ಅನ್ನುವುದೇ ನನಗೆ ಸಮಾಧಾನವಾಗಿತ್ತು.

ನಮ್ಮ ಫಾರಂನಲ್ಲಿ ಕೊನೆಯ ಮುಟ್ಟಿನ ತಾರೀಖು ಕೇಳುವ ಕಾಲಂ ಇದೆ. ಅಲ್ಲಿ ಅವರು "ಸರಿಯಾಗಿಲ್ಲ" ಎಂದು ಬರೆದಿದ್ದರು. ನಾನು ಪಕ್ಕದಲ್ಲಿ ಒಂದು ಟಿಕ್ ಹಾಕಿ ಮುಂದಿನ ಪ್ರಶ್ನೆಗೆ ಹೋದೆ. 48 ವರ್ಷ, ಸರಿಯಾಗಿಲ್ಲ, ಸಹಜ. ನಮ್ಮಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸೇ 46-47ರ ಹತ್ತಿರ. ಆ ಟಿಕ್ ಇನ್ನೂ ಫೈಲಿನಲ್ಲಿದೆ, ಹಸಿರು ಶಾಯಿಯದು.

ಎರಡು ವಾರದಲ್ಲಿ 900 ಗ್ರಾಂ ಇಳಿಯಿತು. ಮೂರನೇ ವಾರ 200 ಗ್ರಾಂ ಏರಿತು. ನಾಲ್ಕನೇ ವಾರ ಅವರು ಬರಲಿಲ್ಲ, ಫೋನೂ ಎತ್ತಲಿಲ್ಲ. ಐದನೇ ವಾರ ಬಂದು ಊಟದ ಡೈರಿ ಮುಂದಿಟ್ಟರು. ಅಷ್ಟು ಚೊಕ್ಕಟವಾದ ಡೈರಿಯನ್ನು ನಾನು ಹಿಂದೆಂದೂ ನೋಡಿರಲಿಲ್ಲ. 14 ದಿನದ ಬರಹ ಒಂದೇ ಪೆನ್ನಿನದು, ಅಕ್ಷರ ಒಂದೇ ಓಟದ್ದು, ಎಲ್ಲೂ ಎಣ್ಣೆಯ ಕಲೆ ಇಲ್ಲ. ದಿನಾ ಅಡುಗೆ ಮನೆಯಲ್ಲೋ ಅಂಗಡಿಯಲ್ಲೋ ಬರೆದ ಪುಸ್ತಕ ಹಾಗಿರುವುದಿಲ್ಲ.

"ಇದನ್ನ ಯಾವಾಗ ಬರೆದ್ರಿ?" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೆಳಿಗ್ಗೆ ಬಸ್ಸಲ್ಲಿ ಮೇಡಂ. ನಿಮಗೆ ಬೇಜಾರಾಗಬಾರದು ಅಂತ" ಅಂದರು.

ನಾನು ಪೆನ್ನು ಕೆಳಗಿಟ್ಟೆ. ಈ ಪ್ರಕರಣದ ಮೊದಲ ತಿರುವು ಇದು. ಡೈರಿ ಸುಳ್ಳು ಬರೆದರೆಂದು ಬೈಯುವ ಸಹೋದ್ಯೋಗಿಗಳನ್ನು ಕಂಡಿದ್ದೇನೆ, ನಾನೂ ಬೈದದ್ದುಂಟು. ಆ ದಿನ ಯಾಕೋ ಬೈಯಲಿಲ್ಲ. "ಹೋಗಲಿ, ನಿನ್ನೆ ರಾತ್ರಿಯಿಂದ ಈಗಿನವರೆಗೆ ಏನೇನಾಯ್ತು, ಊಟ ಬಿಟ್ಟು ಬೇರೆಲ್ಲ ಹೇಳಿ" ಅಂದೆ.

ಫಾರಂನಲ್ಲಿ ಇಲ್ಲದ್ದು

ಮಲಗಿದ್ದು 11 ಗಂಟೆಗೆ. ಒಂದು ಗಂಟೆಗೆ ಎಚ್ಚರ. "ಬಾಣಲೆ ಮುಂದೆ ನಿಂತಂಗೆ ಎದೆಯಿಂದ ಮುಖಕ್ಕೆ ಝಳ ಏರುತ್ತೆ, ಆಮೇಲೆ ಬೆವರು, ಆಮೇಲೆ ಚಳಿ." ಅವರು ಫ್ಯಾನ್ ಹಾಕುತ್ತಾರೆ, ಗಂಡ ಎದ್ದು ಆರಿಸುತ್ತಾರೆ. ಹಾಗೆ ರಾತ್ರಿಗೆ ಮೂರು ನಾಲ್ಕು ಸಲ. ಉಷ್ಣ ಆಗಿದೆ ಎಂದು ಕಾಮಕಸ್ತೂರಿ ಬೀಜ ನೆನೆಸಿ ಕುಡಿದು ನೋಡಿದ್ದರು. ಒಂದೂವರೆ ವರ್ಷದಿಂದ ಒಂದು ರಾತ್ರಿಯೂ ನಾಲ್ಕು ಗಂಟೆ ಸೇರಿಸಿ ನಿದ್ದೆ ಮಾಡಿಲ್ಲ. ಎಚ್ಚರವಾದಾಗ ಅಡುಗೆ ಮನೆಗೆ ಹೋಗಿ ದೀಪ ಹಾಕದೆ, ಉಳಿದ ಚಿತ್ರಾನ್ನವನ್ನು ಪಾತ್ರೆಯಿಂದಲೇ ನಿಂತು ತಿನ್ನುತ್ತಾರೆ. "ಬಾಯಿಗೆ ಬೀಗ ಹಾಕ್ಕೊಳಕ್ಕೆ ಆಗಲ್ವಲ್ಲ ಮೇಡಂ ನಂಗೆ."

ಇದನ್ನು ಬಾಯಿಚಪಲ ಎಂದು ಬರೆದುಕೊಳ್ಳುವುದು ಸುಲಭ. 1944-45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆರೋಗ್ಯವಂತ 36 ಯುವಕರನ್ನು ಆರು ತಿಂಗಳು ದಿನಕ್ಕೆ ಸುಮಾರು 1,570 ಕ್ಯಾಲರಿಯಲ್ಲಿ ಇಟ್ಟು ನೋಡಿದ್ದರು. ಊಟ ಬಿಟ್ಟು ಬೇರೆ ಯೋಚನೆಯೇ ಬರದ ಹಾಗಾಯಿತು ಅವರಿಗೆ, ಕೆಲವರು ಅಡುಗೆ ಪುಸ್ತಕ ಓದುತ್ತ ಕೂತರು. ಅವರು ಗಂಡಸರು, ಓಡಾಡುತ್ತಿದ್ದವರು, ಅವರ ಅಗತ್ಯ ಹೆಚ್ಚು, ಒಪ್ಪೋಣ. ಆದರೂ ನಿದ್ದೆಗೆಟ್ಟ ಒಬ್ಬ ಹೆಂಗಸಿಗೆ ನಾನು ಅದಕ್ಕಿಂತ ಕಡಿಮೆ ಬರೆದುಕೊಟ್ಟು ಬಾಯಿಗೆ ಬೀಗ ಹಾಕಿಕೊಳ್ಳಿ ಅಂದಿದ್ದೆ. ನಿದ್ದೆ ಕೆಟ್ಟ ಮರುದಿನ ಹಸಿವು, ಅದರಲ್ಲೂ ಸಿಹಿ ಮತ್ತು ಕರಿದದ್ದರ ಆಸೆ ಏರುತ್ತದೆ ಎಂದು ಪ್ರಯೋಗಗಳೇ ತೋರಿಸಿವೆ.

ಆಮೇಲೆ "ಸರಿಯಾಗಿಲ್ಲ" ಅನ್ನುವುದಕ್ಕೆ ಬಂದೆವು. ಎರಡು ಮೂರು ತಿಂಗಳು ಇಲ್ಲವೇ ಇಲ್ಲ, ಬಂದರೆ ಹತ್ತು ಹನ್ನೆರಡು ದಿನ. ಪ್ಯಾಡ್ ಸಾಲದೆ ಅಂಗಡಿಯಲ್ಲಿ ಕತ್ತರಿಸಿ ಉಳಿದ ಲೈನಿಂಗ್ ಬಟ್ಟೆಯನ್ನು ಮಡಚಿ ಮಡಚಿ ಇಟ್ಟುಕೊಳ್ಳುತ್ತಾರೆ. ಮಿಷಿನ್ ಸ್ಟೂಲಿನ ಮೇಲೆ ಕಡುಗೆಂಪು ಬಣ್ಣದ ಒಂದು ದಿಂಬು ಇದೆ, ಬಣ್ಣ ಬೇಕೆಂದೇ ಆರಿಸಿದ್ದು. ಯಾರಿಗೂ ಹೇಳಿಲ್ಲ. ಹೇಳಿದರೆ ಅಕ್ಕಪಕ್ಕದವರ ಉತ್ತರ ಏನೆಂದು ಗೊತ್ತಿದೆ: "ಮಕ್ಕಳಾಗಿದೆಯಲ್ಲ, ಗರ್ಭಕೋಶ ತೆಗೆಸಿಬಿಡು." ಓರಗಿತ್ತಿಗೆ ಹಾಗೆ ತೆಗೆಸಿದ್ದರು, ಆ ಭಯ ಇತ್ತು.

ಅವರ ಕೆಳರೆಪ್ಪೆ ಎಳೆದು ನೋಡಿದೆ. ಕಾಗದದಷ್ಟು ಬಿಳಿ. ಮೂರು ಭೇಟಿ ಎದುರಿಗೇ ಕೂತಿದ್ದ ಮುಖ ಅದು, ಕಣ್ಣೆತ್ತಿ ನೋಡದೆ ತೂಕದ ಅಂಕಿಯನ್ನೇ ನೋಡುತ್ತಿದ್ದೆ.

ಪರೀಕ್ಷೆಗಳು

ಹಿಮೋಗ್ಲೋಬಿನ್ 8.6. ಹೆಂಗಸರಿಗೆ 12 ಇರಬೇಕು. ಫೆರಿಟಿನ್ ತಳ ಕಂಡಿತ್ತು, ಅಂದರೆ ಕಬ್ಬಿಣದ ದಾಸ್ತಾನು ಖಾಲಿ. ಥೈರಾಯ್ಡ್ ನೋಡುವ ಟಿಎಸ್‌ಎಚ್ ಪರೀಕ್ಷೆ ಸರಿಯಾಗಿತ್ತು. ಇದರಿಂದ ಮನೆಯವರಿಗೆ ನಿರಾಸೆ. ತೂಕ ಏರಿದ ಪ್ರತಿಯೊಬ್ಬರ ಮನೆಯಲ್ಲೂ ಥೈರಾಯ್ಡ್ ಇರಲಪ್ಪ ಎಂಬ ಆಸೆ ಇರುತ್ತದೆ, ಒಂದು ಮಾತ್ರೆಗೆ ಮುಗಿಯಲಿ ಅಂತ. ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.3 ಬಂತು, ಮಧುಮೇಹದ ಹೊಸ್ತಿಲು. ಆದರೆ ಫಿಸಿಶಿಯನ್ ಒಂದು ಎಚ್ಚರಿಕೆ ಕೊಟ್ಟರು: ಕಬ್ಬಿಣದ ಕೊರತೆ ಇರುವವರಲ್ಲಿ ಈ ಅಂಕಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಖಾಲಿ ಹೊಟ್ಟೆಯ ಸಕ್ಕರೆ 108 ಇತ್ತು. ಆದ್ದರಿಂದ ಸಕ್ಕರೆ ಕಡೆ ಗಮನ ಇಡೋಣ, ಗಾಬರಿ ಬೇಡ ಎಂದರು.

ಸ್ತ್ರೀರೋಗ ತಜ್ಞೆಯ ಬಳಿ ನಾನೇ ಜೊತೆಗೆ ಹೋದೆ. ಸ್ಕ್ಯಾನ್‌ನಲ್ಲಿ ಒಂದು ಸಣ್ಣ ಗಡ್ಡೆ, ಒಳಪದರ ಸ್ವಲ್ಪ ದಪ್ಪ. ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು, ಕೆಟ್ಟದ್ದೇನೂ ಇರಲಿಲ್ಲ. ಗರ್ಭಕೋಶ ತೆಗೆಯುವ ಮಾತು ಬರಲೇ ಇಲ್ಲ. ಗರ್ಭಕೋಶದೊಳಗೆ ಕೂತು ಸ್ವಲ್ಪ ಸ್ವಲ್ಪವೇ ಹಾರ್ಮೋನ್ ಬಿಡುವ ಸಾಧನವೊಂದನ್ನು ಹಾಕಿದರು. ರಕ್ತಸ್ರಾವ ಕಡಿಮೆಯಾಗಲು ನಾಲ್ಕು ತಿಂಗಳು ಹಿಡಿಯಿತು. ಕಬ್ಬಿಣವನ್ನು ಮೊದಲು ಡ್ರಿಪ್ ಮೂಲಕ, ಆಮೇಲೆ ಮಾತ್ರೆಯಲ್ಲಿ ಕೊಟ್ಟರು.

ರಾತ್ರಿಯ ಝಳಕ್ಕೆ ಈಸ್ಟ್ರೋಜನ್ ಜೆಲ್ ಬಗ್ಗೆ ತಜ್ಞೆ ಹೇಳಿದಾಗ ಗಿರಿಜಾ ಅವರು ಒಪ್ಪಲಿಲ್ಲ. "ಹಾರ್ಮೋನ್ ತಗೊಂಡ್ರೆ ಕ್ಯಾನ್ಸರ್ ಬರುತ್ತಂತೆ." 2002ರಲ್ಲಿ ಅಮೆರಿಕದ ಒಂದು ದೊಡ್ಡ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದ ಮೇಲೆ ಜಗತ್ತಿನ ತುಂಬ ಹರಡಿದ ಭಯ ಇದು. ಅಲ್ಲಿ ಪಾಲ್ಗೊಂಡವರ ಸರಾಸರಿ ವಯಸ್ಸು 63. 60ರ ಒಳಗಿನ, ಮುಟ್ಟು ನಿಂತು ಹತ್ತು ವರ್ಷ ಆಗದ, ಬೇರೆ ಅಡ್ಡಿಗಳಿಲ್ಲದ ಮಹಿಳೆಯರ ಲೆಕ್ಕ ಬೇರೆ ಎಂದು ನಂತರದ ವಿಶ್ಲೇಷಣೆಗಳು ತೋರಿಸಿದವು. ತಜ್ಞೆ ಒತ್ತಾಯ ಮಾಡಲಿಲ್ಲ. ಮ್ಯಾಮೋಗ್ರಾಂ ಮಾಡಿಸಿ, ಮನೆತನದಲ್ಲಿ ಯಾರಿಗೇನಿತ್ತು ಎಂದು ಕೇಳಿ ಬರೆದುಕೊಂಡು, "ಯೋಚನೆ ಮಾಡಿ, ಅವಸರ ಇಲ್ಲಮ್ಮ" ಎಂದು ಕಳಿಸಿದರು. ಎರಡು ತಿಂಗಳ ನಂತರ ಗಿರಿಜಾ ಅವರೇ ಹೋಗಿ ಬರೆಸಿಕೊಂಡು ಬಂದರು. ಆರು ವಾರಕ್ಕೆ ರಾತ್ರಿ ಏಳುವುದು ಒಂದು ಸಲಕ್ಕೆ ಇಳಿಯಿತು. ಚಿತ್ರಾನ್ನದ ಪಾತ್ರೆ ಬೆಳಗಿನ ತನಕ ಹಾಗೇ ಉಳಿಯತೊಡಗಿದ್ದೂ ಆಗಲೇ. ಅದಕ್ಕಾಗಿ ನಾನು ಒಂದು ಉಪದೇಶವನ್ನೂ ಮಾಡಿರಲಿಲ್ಲ.

ಅಳತೆ ಪುಸ್ತಕ

ಎರಡನೇ ತಿರುವಿಗೆ ನಾನು ಕಾರಣವಲ್ಲ. ದೇಹದ ಆಕಾರ ಬದಲಾಗುವ ಬಗ್ಗೆ ನಾನು ಚಿತ್ರ ಬರೆದು ವಿವರಿಸುತ್ತಿದ್ದಾಗ ಅವರು ತಡೆದು, "ಇದು ನಂಗೆ ಗೊತ್ತು ಅನ್ಸುತ್ತೆ, ತಾಳಿ" ಅಂದರು. ಮುಂದಿನ ಭೇಟಿಗೆ ಒಂದು ಕೈಚೀಲದ ತುಂಬ ಅಳತೆ ಪುಸ್ತಕ ತಂದರು. ಉದ್ದನೆಯ ಲೆಕ್ಕದ ಪುಸ್ತಕಗಳು. ಅಂಚು ಮುದುರಿದ ಹಾಳೆಗಳಲ್ಲಿ ಪಿನ್ನು ಚುಚ್ಚಿದ ಬಟ್ಟೆಯ ತುಂಡು, ಹೆಸರು, ಎದೆ, ನಡು, ಸೀಟು (ಪೃಷ್ಠದ ಸುತ್ತು), ತೋಳು, ಕೈ ಸುತ್ತು. 2004ರಿಂದ ಇವೆ.

ತಮ್ಮ ವಯಸ್ಸಿನ ಆಸುಪಾಸಿನ, ಮೊದಲಿನಿಂದ ಅವರಲ್ಲೇ ಚೂಡಿದಾರ್ ಹೊಲಿಸುತ್ತಿರುವ 14 ಜನರನ್ನು ಹೆಕ್ಕಿ, 43ರ ಸುಮಾರಿನ ಅಳತೆ ಮತ್ತು 50ರ ಸುಮಾರಿನ ಅಳತೆ ಅಕ್ಕಪಕ್ಕ ಬರೆದುಕೊಂಡಿದ್ದರು. 12 ಜನರ ನಡು ಎರಡರಿಂದ ಐದು ಇಂಚು ಹೆಚ್ಚಿತ್ತು. ಸೀಟು ಏಳು ಜನರಲ್ಲಿ ಇದ್ದ ಹಾಗೇ ಇತ್ತು, ಇಬ್ಬರಲ್ಲಿ ಕಮ್ಮಿಯೇ ಆಗಿತ್ತು. ಆ 12 ಜನರಲ್ಲಿ ಒಬ್ಬರು ದಿನಾ ಬೆಳಿಗ್ಗೆ ವಾಕಿಂಗ್ ಹೋಗುವ ಟೀಚರ್, ಇನ್ನೊಬ್ಬರು ವಾರಕ್ಕೆ ಎರಡು ಉಪವಾಸ ಮಾಡುವವರು, ಮತ್ತೊಬ್ಬರು ಹೊಲದಲ್ಲಿ ದುಡಿಯುವವರು.

14 ಜನರ ಅಳತೆಯನ್ನು ಅಧ್ಯಯನ ಎಂದು ಕರೆಯಲು ಬರುವುದಿಲ್ಲ. ಅವರಿಗೆ ಸಿಕ್ಕಿದ್ದು ಬೇರೆ. "ಇವರೆಲ್ಲ ಬಂದು ಒಬ್ಬೊಬ್ಬರೇ, ನಾನೊಬ್ಬಳೇ ಹಿಂಗಾಗಿದೀನಿ ಅಂತ ನನ್ ಹತ್ರ ಅಳ್ತಿದ್ರು ಮೇಡಂ. ನಾನೂ ಹಂಗೇ ಅಂದ್ಕೊಂಡಿದ್ದೆ. ಪುಸ್ತಕ ನನ್ ಕೈಯಲ್ಲೇ ಇತ್ತು."

ಅದೇ ಪುಸ್ತಕದಿಂದ ಇನ್ನೊಂದು ಸಂಗತಿ ಹೊರಬಿತ್ತು. 2020ರ ಪುಸ್ತಕದ ಮೇಲೆ "ಮೋಟಾರ್ ಹಾಕಿಸಿದ್ದು" ಎಂದು ಖರ್ಚು ಬರೆದಿದ್ದರು. ಅಲ್ಲಿಯ ತನಕ ಕಾಲಿನಲ್ಲಿ ತುಳಿಯುವ ಮಿಷಿನ್. ದಿನಕ್ಕೆ ಏಳೆಂಟು ಗಂಟೆ ಪೆಡಲ್ ತುಳಿಯುತ್ತಿದ್ದ ಕಾಲು ಒಂದು ದಿನ ಸುಮ್ಮನಾಯಿತು, ಊಟ ಅಷ್ಟೇ ಇತ್ತು. ತೂಕ ಏರಿದ್ದಕ್ಕೆ ಅದೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಮೊಣಕಾಲು ಸೋತದ್ದಕ್ಕೂ ಅದಕ್ಕೂ ನಂಟಿದೆ ಎಂದು ಮಾತ್ರ ಫಿಸಿಯೋಥೆರಪಿಸ್ಟ್ ಕೂಡ ಒಪ್ಪಿದರು, ಮಂಡಿಯನ್ನು ಹಿಡಿದು ನಿಲ್ಲಿಸುವುದು ತೊಡೆಯ ಸ್ನಾಯು.

ಮುಂದೆ ಮಾಡಿದ್ದು

ಚಾರ್ಟ್ ಹರಿದುಹಾಕಿದೆ. ತೂಕದ ಗುರಿಯನ್ನೂ ತೆಗೆದೆವು, ತಿಂಗಳಿಗೊಮ್ಮೆ ಮಾತ್ರ ನೋಡೋಣ ಅಂದೆ. ಇದಕ್ಕೆ ಅವರು ಸುಲಭವಾಗಿ ಒಪ್ಪಲಿಲ್ಲ. ಮದುವೆ ಮುಗಿಯುವ ತನಕವಾದರೂ ಇಳಿಸಿಕೊಡಿ ಎಂದು ಎರಡು ಸಲ ಕೇಳಿದರು. ಆಗದು ಅನ್ನುವುದಕ್ಕಿಂತ, ರಕ್ತ ಏರುವ ತನಕ ಹಸಿದು ಕೂರಿಸುವುದಿಲ್ಲ ಎಂದು ಹೇಳಿದ್ದು ಅವರಿಗೆ ನಾಟಿತು.

ನಿಜವಾದ ಊಟ ಏನೆಂದು ಈಗ ತಿಳಿಯಿತು. ಬೆಳಿಗ್ಗೆ ಏನಿಲ್ಲ, 11ಕ್ಕೆ ಉಳಿದ ಉಪ್ಪಿಟ್ಟು, ಗಿರಾಕಿ ಬಂದಾಗೆಲ್ಲ ಸೇರಿ ದಿನಕ್ಕೆ ಆರು ಲೋಟ ಕಾಫಿ, ಮಧ್ಯಾಹ್ನದ ಊಟ ಮೂರೂವರೆಗೆ, ಅನ್ನ ತಿಳಿಸಾರು. ಪ್ರೊಟೀನ್ ಲೆಕ್ಕ ಹಾಕಿದರೆ ದಿನಕ್ಕೆ 30 ಗ್ರಾಂ ಹತ್ತಿರ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಶಿಫಾರಸು 55 ಕಿಲೋದ ಹೆಂಗಸಿಗೇ ಸುಮಾರು 46 ಗ್ರಾಂ. ಸ್ನಾಯು ಕರಗುವ ವಯಸ್ಸಿನಲ್ಲಿ ಈ ಕೊರತೆ ಸಣ್ಣದಲ್ಲ. ಅಂದರೆ ಅವರಿಗೆ ಬೇಕಿದ್ದದ್ದು ಕಡಿತವಲ್ಲ, ಸೇರ್ಪಡೆ. ಬೆಳಿಗ್ಗೆ ರಾಗಿ ರೊಟ್ಟಿ ಜೊತೆ ಎರಡು ಮೊಟ್ಟೆ, ಸೋಮವಾರ ಶನಿವಾರ ಮೊಟ್ಟೆ ತಿನ್ನುವುದಿಲ್ಲ, ಆ ದಿನ ಹೆಸರುಕಾಳಿನ ದೋಸೆ. ಮಧ್ಯಾಹ್ನ ಮುದ್ದೆಗೆ ತಿಳಿಸಾರಿನ ಬದಲು ಮೊಳಕೆ ಹುರುಳಿಯ ಬಸ್ಸಾರು, ಕಾಳನ್ನು ಪಲ್ಯ ಮಾಡಿ ಪಕ್ಕದಲ್ಲಿ, ಮೇಲೆ ನಿಂಬೆಹಣ್ಣು. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಮೂಳೆ ಸವೆಯುವ ಈ ವರ್ಷಗಳಲ್ಲಿ ಮುದ್ದೆಯನ್ನು ಅರ್ಧ ಮಾಡಿಸಿದ್ದಕ್ಕೆ ನನಗೇ ನಾಚಿಕೆ. ಸಂಜೆ ಒಂದು ಹಿಡಿ ಹುರಿದ ಕಡಲೆ. ಕಾಫಿ ಮೂರಕ್ಕೆ ಇಳಿಯಿತು, ಊಟದ ಹೊತ್ತಿಗೆ ಬೇಡ ಅಂದೆ, ಕಬ್ಬಿಣ ಹೀರಿಕೊಳ್ಳಲು ಅದು ಬಿಡುವುದಿಲ್ಲ.

ಇದರಲ್ಲಿ ಅತಿ ಕಷ್ಟವಾದದ್ದು ಯಾವುದು ಗೊತ್ತೇ? ಒಂದು ಗಂಟೆಗೆ ಊಟ ಮಾಡುವುದು. ಗಿರಾಕಿ ಎದುರು ಡಬ್ಬಿ ತೆಗೆಯಲು ಸಂಕೋಚ, ಬಾಗಿಲು ಹಾಕಿದರೆ ವ್ಯಾಪಾರ ಹೋಗುತ್ತದೆಂಬ ಹೆದರಿಕೆ. ಕೊನೆಗೆ ಶಟರ್ ಅರ್ಧ ಇಳಿಸಿ 20 ನಿಮಿಷ. ಮೊದಲ ವಾರ ಬಗ್ಗಿ ಒಳಗೆ ಇಣುಕಿ "ಅಕ್ಕಾ, ಒಂದೇ ಒಂದು ಹುಕ್" ಅಂದವರು ಐದಾರು ಜನ. ಹುಕ್ಸಿನ ಹುಡುಗಿಯೇ ಎದ್ದು ಹೋಗಿ ಕಳಿಸತೊಡಗಿದಳು. ಅವಳೂ ಈಗ ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆ.

ವಾಕಿಂಗ್ ಮಂಡಿಗೆ ಆಗಿಬರಲಿಲ್ಲ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಒತ್ತಿ ದಂಡ ಹೊಡೆಯುವುದು, ಕಾಲಿಗೆ ತೂಕ ಕಟ್ಟಿ ಎತ್ತುವುದು: ಇಷ್ಟನ್ನು ಫಿಸಿಯೋಥೆರಪಿಸ್ಟ್ ಕಲಿಸಿದರು. ಕಾಲಿಗೆ ಕಟ್ಟುವ ತೂಕ ಅಂಗಡಿಯಲ್ಲಿ ದುಬಾರಿ. ಗಿರಿಜಾ ಅವರು ಜೀನ್ಸ್ ಬಟ್ಟೆಯಲ್ಲಿ ಉದ್ದನೆಯ ಚೀಲ ಹೊಲಿದು, ಐದು ಮನೆ ಮಾಡಿ, ಜರಡಿ ಹಿಡಿದ ಮರಳು ತುಂಬಿ, ತುದಿಗೆ ವೆಲ್ಕ್ರೋ ಹಾಕಿದರು. ಅರ್ಧ ಕಿಲೋದ ಜೋಡಿ ಒಂದು, ಒಂದು ಕಿಲೋದ್ದು ಒಂದು. ಹೊಲಿಗೆ ಎರಡು ಸಾಲು, ಮರಳಿನ ಒಂದು ಕಾಳೂ ಹೊರಬರುವುದಿಲ್ಲ. ಫಿಸಿಯೋಥೆರಪಿಸ್ಟ್ ತಮ್ಮ ರೋಗಿಗಳಿಗೆಂದು ಹತ್ತು ಜೋಡಿ ಆರ್ಡರ್ ಕೊಟ್ಟರು. ವಾರಕ್ಕೆ ಮೂರು ದಿನ, ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ 25 ನಿಮಿಷ. ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲದ ವ್ಯಾಯಾಮ ಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ನಮ್ಮಲ್ಲಿ ಹೆಂಗಸರಿಗೆ ವ್ಯಾಯಾಮ ಎಂದರೆ ವಾಕಿಂಗ್ ಒಂದೇ.

ಏನಾಯಿತು

11 ತಿಂಗಳ ಕೊನೆಗೆ ತೂಕ 66.4. ಕಳೆದದ್ದು 1.6 ಕಿಲೋ. ಕೇಳಿದ ಹತ್ತರ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಹೊಟ್ಟೆಯ ಸುತ್ತಳತೆ 96 ಸೆಂ.ಮೀ. ಇದ್ದದ್ದು 91 ಆಯಿತು. 80ರ ಒಳಗಿರಬೇಕೆಂಬ ಗೆರೆ ಇನ್ನೂ ದೂರವೇ ಇದೆ. ಹಿಮೋಗ್ಲೋಬಿನ್ 12.3. ಎಚ್‌ಬಿಎ1ಸಿ 5.9, ಇದರ ಪೂರ್ತಿ ಶ್ರೇಯ ಊಟಕ್ಕೆ ಕೊಡಲಾಗದು, ರಕ್ತಹೀನತೆ ಸರಿಯಾದದ್ದರ ಪಾಲೂ ಇದೆ. ಖಾಲಿ ಹೊಟ್ಟೆಯ ಸಕ್ಕರೆ 97. ಕುರ್ಚಿಯಿಂದ ಅರ್ಧ ನಿಮಿಷದಲ್ಲಿ ಏಳು ಸಲ ಎದ್ದು ಕೂರುತ್ತಿದ್ದವರು 13 ಸಲ ಮಾಡುತ್ತಾರೆ. ಮಾಳಿಗೆ ಹತ್ತುವಾಗ ಕಂಬಿ ಹಿಡಿಯುವುದಿಲ್ಲ. ಮೂಳೆ ಸಾಂದ್ರತೆ ಪರೀಕ್ಷೆ ಇನ್ನೂ ಆಗಿಲ್ಲ, ಯಂತ್ರ ಇರುವುದು ಬೇರೆ ಊರಿನಲ್ಲಿ. ಸಾಧನ ಹಾಕಿದ ಮೇಲೆ ಮುಟ್ಟೇ ಕಾಣದಿರುವುದರಿಂದ, ಪೂರ್ತಿ ನಿಂತಿದೆಯೋ ಇಲ್ಲವೋ ಎಂದು ಸತತ 12 ತಿಂಗಳು ಮುಟ್ಟಾಗದಿದ್ದರೆ ನಿಂತಂತೆ ಎಂಬ ಲೆಕ್ಕ ಹಿಡಿದು ಹೇಳಲೂ ಬರುವುದಿಲ್ಲ.

ಮದುವೆ ಫೆಬ್ರವರಿಯಲ್ಲಿ ಆಯಿತು, ಆಗ ತೂಕ 67.5. ನಾದಿನಿ ಧಾರೆಯ ಹಿಂದಿನ ರಾತ್ರಿಯೇ, "ಅಷ್ಟು ದುಡ್ಡು ಕೊಟ್ಟು ಡಯಟಿಷನ್ ಹತ್ರ ಹೋದ್ರಂತೆ, ಏನೂ ಇಳಿದೇ ಇಲ್ವಲ್ಲ" ಅಂದರಂತೆ. ಆಲ್ಬಂ ಬಂದ ದಿನ ಗಿರಿಜಾ ಅವರು ಅತ್ತರು, ಇದನ್ನು ಅವರೇ ಹೇಳಿದರು, ಬರೆಯಿರಿ ಎಂದೂ ಹೇಳಿದರು. ಹಾಗಾಗಿ ಅವರ ಮನಸ್ಸು ಪೂರ್ತಿ ತಿಳಿಯಾಯಿತು ಎಂದು ನಾನು ಬರೆದರೆ ಸುಳ್ಳಾಗುತ್ತದೆ. ಬೇರೆಯವರ ಮನೆಗೆ ಹೋದಾಗ ತೂಕದ ಮಿಷಿನ್ ಕಂಡರೆ ಈಗಲೂ ಬಾಗಿಲು ಹಾಕಿಕೊಂಡು ಹತ್ತುತ್ತಾರೆ.

ಆದರೆ ಮದುವೆಗೆ ಹದಿನೈದು ದಿನವಿರುವಾಗ ಮಗಳು ರಾತ್ರಿ ಊಟ ಬಿಟ್ಟು ಸೌತೆಕಾಯಿ ಹೆಚ್ಚಿಕೊಂಡು ಕೂತಾಗ, ಅದೇ ತಾಯಿ ತಟ್ಟೆ ತೆಗೆದಿಟ್ಟು, "ಬ್ಲೌಸ್ ನಿನಗೆ ಸರಿಯಾಗಿರಬೇಕೇ ಹೊರತು ಬ್ಲೌಸಿಗೆ ನೀನಲ್ಲ. ಹೊಲಿಯೋಳು ನಾನು, ಊಟ ಮಾಡು" ಅಂದರು. ಧಾರೆ ಸೀರೆಯ ಬ್ಲೌಸನ್ನು ತಮಗೂ ಹೊಸ ಅಳತೆಯಲ್ಲೇ ಹೊಲಿದುಕೊಂಡರು. ಹಳೇ ಅಳತೆಯಲ್ಲಿ ಹೊಲಿದು ಇಳಿದ ಮೇಲೆ ಹಾಕ್ಕೊಳ್ತೀನಿ ಎಂದು ಮೊದಲು ಇಟ್ಟುಕೊಂಡಿದ್ದ ಬಟ್ಟೆ ಅದು.

ನನ್ನ ಕಡೆ ಬದಲಾದದ್ದು ಎರಡು. 40 ದಾಟಿದವರು ತೂಕದ ದೂರು ಹಿಡಿದು ಬಂದರೆ ಮೊದಲು ಮುಟ್ಟು, ನಿದ್ದೆ, ಬೆವರು ಕೇಳುತ್ತೇನೆ, ಉತ್ತರ "ಸರಿಯಾಗಿಲ್ಲ" ಎಂದಾದರೆ ಎಷ್ಟು ದಿನ, ಎಷ್ಟು ಪ್ಯಾಡ್ ಎಂದು ಬಿಡಿಸಿ ಕೇಳುತ್ತೇನೆ. ತೂಕ ನೋಡುವುದು ಮಾತೆಲ್ಲ ಮುಗಿದ ಮೇಲೆ, ಅವರು ಬೇಡ ಅಂದರೆ ಅದೂ ಇಲ್ಲ. ರಕ್ತಪರೀಕ್ಷೆ ಇಲ್ಲದೆ 1,200ರ ಚಾರ್ಟ್ ಯಾರಿಗೂ ಬರೆದಿಲ್ಲ ಆಮೇಲೆ. ಋತುಬಂಧದ ಹೊತ್ತಿನಲ್ಲಿ ತೂಕ ಇಳಿಸಲೇಬಾರದು ಎಂದಲ್ಲ. ಸಕ್ಕರೆ, ಬಿಪಿ, ಮಂಡಿ ನೋಡಿ ಇಳಿಸಬೇಕಾದವರು ಇದ್ದಾರೆ, ನನ್ನಲ್ಲೇ ಚೆನ್ನಾಗಿ ಇಳಿಸಿಕೊಂಡವರೂ ಇದ್ದಾರೆ. ಗಿರಿಜಾ ಅವರ ವಿಷಯದಲ್ಲಿ ಎಲ್ಲರೂ ತೂಕದ ಬಗ್ಗೆಯೇ ಮಾತಾಡುತ್ತಿದ್ದ ಎರಡು ವರ್ಷ ಅವರ ಮೈಯಿಂದ ರಕ್ತ ಹರಿದು ಹೋಗುತ್ತಿತ್ತು, ಅದನ್ನು ಕಡುಗೆಂಪು ದಿಂಬೊಂದು ಮುಚ್ಚಿಟ್ಟಿತ್ತು.

ಕಳೆದ ತಿಂಗಳು ನಾನೇ ಅವರ ಅಂಗಡಿಗೆ ಹೋಗಿದ್ದೆ, ಬ್ಲೌಸ್ ಹೊಲಿಸಲು. ನನಗೂ 46. ಮೊದಲೆಲ್ಲ ಅವರು ಟೇಪು ಹಿಡಿದು ಅಳತೆಯನ್ನು ಜೋರಾಗಿ ಕೂಗುತ್ತಿದ್ದರು, ಹುಡುಗಿ ಬರೆದುಕೊಳ್ಳುತ್ತಿದ್ದಳು, ಕಾದು ಕೂತವರೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಈ ಸಲ ಟೇಪನ್ನು ನನ್ನ ನಡುವಿಗೆ ಸುತ್ತಿ, ನೋಡಿ, ಬಾಯಿ ಬಿಡದೆ ತಾವೇ ಹೋಗಿ ಬರೆದುಕೊಂಡರು. ಎಷ್ಟು ಅಂತ ನಾನು ಕೇಳಿದೆ.

"ಎರಡು ಇಂಚು ಒಳಗಡೆ ಬಟ್ಟೆ ಬಿಟ್ಟಿರ್ತೀನಿ ಮೇಡಂ" ಅಂದರು. "ಗುರುವಾರ ಬನ್ನಿ, ಒಂದು ಗಂಟೆ ಬಿಟ್ಟು."